ಎರಡು ಫಾರ್ಮ್ಯಾಟು, ಒಂದು ಸೊಟ್ಟ ಮಾತ್ರಾ

ನಾನು ನಿವೃತ್ತ ಎಂದರೆ ಜನ ಮೊದಲು ನನ್ನ ತಲೆಗೂದಲು ನೋಡುತ್ತಾರೆ. ಕಪ್ಪಗೇ ಇದೆ, ಬಣ್ಣ ಹಚ್ಚಿದ್ದಲ್ಲ. ನಲವತ್ತು ತುಂಬುವ ಮೊದಲೇ ಶಾಲು, ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಬಂದವನು ನಾನು. ಆದೇಶದಲ್ಲಿ 'ಸ್ವಇಚ್ಛಾ ನಿವೃತ್ತಿ' ಎಂದು ಬರೆದಿತ್ತು. ಇಚ್ಛೆ ಸಂಸ್ಥೆಯದು, ನಿವೃತ್ತಿ ನನ್ನದು. ಸಮಾ ಹಂಚಿಕೊಂಡೆವು.

ನನ್ನ ಖುರ್ಚಿಗೆ ಬಂದ ಹುಡುಗಿ ಬೀಳ್ಕೊಡುಗೆಯ ದಿನ ಕೇಳಿದಳು: "ಸರ್, ಈ ಕೆಲಸದಾಗ ಖರೇ ಏನಿರತೈತ್ರಿ? ಟೈಪಿಂಗ ಅಷ್ಟೇನ್ರಿ?"

ಬಸ್ಸಿನ ಅವಸರದಲ್ಲಿ ಹೂಂ ಎಂದುಬಿಟ್ಟೆ. ಕೊಲ್ಹಾಪುರದಿಂದ ಗಡಹಿಂಗ್ಲಜ ಮುಟ್ಟುವಷ್ಟರಲ್ಲಿ ಆ ಹೂಂ ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ, ಮತ್ತು ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಮಾತು ಟೈಪು ಮಾಡಲು ಹೊರಟಿರುವ ಎಲ್ಲರಿಗೆ.

ನಮ್ಮದು ಹಲಕರ್ಣಿ ಕಡೆಯ ಕುರಿ ಸಾಕುವ ಮನೆತನ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಕುರಿಗಳ ಜೊತೆ ಕುರಿ ಭಾಷೆ. ಟಗರಿನ ದನಿ ತೆಗೆದು ಕುರಿಗಳನ್ನು ದಾರಿ ತಪ್ಪಿಸುವುದರಲ್ಲಿ ನಾನು ಶುರು ಮಾಡಿದೆ, ಆಮೇಲೆ ಮಾಸ್ತರರ ದನಿಗೆ ಬಂದೆ. ನಮ್ಮ ಕಡೆ ನಕಲು ಎಂಬ ಮಾತಿಗೆ ಎರಡು ಅರ್ಥ. ಕಚೇರಿಯಲ್ಲಿ ಅದು ಕಾಗದದ ಪ್ರತಿ. ಕಟ್ಟೆಯ ಮೇಲೆ ಅದು ಇನ್ನೊಬ್ಬರ ದನಿ, ನಡಿಗೆ ಮಾಡಿ ತೋರಿಸಿ ನಗಿಸುವುದು. ಮೊದಲನೆಯದಕ್ಕೆ ನನಗೆ ಪಗಾರ ಬಂತು, ಎರಡನೆಯದಕ್ಕೆ ಬೈಗುಳ. ಎರಡನ್ನೂ ಒಂದೇ ಖುರ್ಚಿಯಲ್ಲಿ ಕೂತು ಮಾಡಿದೆ.

ನಾನು ಇದ್ದದ್ದು ಒಂದು ಶಿಕ್ಷಣ ಸಂಸ್ಥೆಯ ಟೈಪಿಂಗ್ ವಿಭಾಗದಲ್ಲಿ. ಮುಖ್ಯ ಕಚೇರಿ ಕೊಲ್ಹಾಪುರ, ಶಾಖೆ ಗಡಹಿಂಗ್ಲಜ, ನಮ್ಮ ಕಾಗದಗಳೆಲ್ಲ ಅಚ್ಚಾಗುತ್ತಿದ್ದುದು ಇಚಲಕರಂಜಿಯ ಒಂದು ಪ್ರೆಸ್ಸಿನಲ್ಲಿ. ಈ ಮೂರೂರಿನ ನಡುವೆ ಫೈಲು ಒಯ್ಯುವುದೇ ನನ್ನ ಕೆಲಸ. ಮೊದಲು ಪೆನ್‌ಡ್ರೈವಿನಲ್ಲಿ, ಆಮೇಲೆ ಇ-ಮೇಲಿನಲ್ಲಿ. ಕೇಳಲು ಹಗುರ ಕೆಲಸ. ಆದರೆ ಮುಖ್ಯ ಕಚೇರಿಗೂ ಶಾಖೆಗೂ ಫೈಲು ಉಳಿಸುವ ಪದ್ಧತಿಯ ಮೇಲೆ ಜಗಳವಿತ್ತು, ನಾನು ನಡುವೆ ಇದ್ದೆ.

ಕೊಲ್ಹಾಪುರದಲ್ಲಿ ನಮ್ಮ ಅಧೀಕ್ಷಕರು ಪಾಟೀಲ ಸಾಹೇಬರು. ಪ್ರತಿ ಮಾತಿಗೂ ಮೊದಲು ಗಂಟಲು ಕೆರೆದು ಖಾಕರಿಸುತ್ತಿದ್ದರು. ಅವರು ಓಡಿಟಿ ಪಕ್ಷ, ಫೈಲಿನ ಹೆಸರಿಗೆ ಓಡಿಟಿ ಎಂಬ ಬಾಲ ಬೇಕು ಎನ್ನುವವರು. ಪುಕ್ಕಟೆ ಸಿಗುವ ತಂತ್ರಾಂಶ, ಯಾವ ಕಂಪನಿಗೂ ಸೇರದ ಫಾರ್ಮ್ಯಾಟು, ಮೊಮ್ಮಕ್ಕಳ ಕಾಲಕ್ಕೂ ತೆರೆಯಬೇಕು ಎನ್ನುವುದು ಅವರ ವಾದ. ಗಡಹಿಂಗ್ಲಜದಲ್ಲಿ ಶಾಖೆಯ ಮುಖ್ಯಸ್ಥೆ ಜೋಶಿ ಮೇಡಂ. ಪ್ರತಿ ಮಾತಿನ ಕೊನೆಗೆ "ಕಳಾಲಂ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದರು, ತಿಳೀತೇ ಎಂದು. ಅವರು ಡಾಕ್ಸ್ ಪಕ್ಷ, ಎಲ್ಲರೂ ಬಳಸುವ ವರ್ಡ್ ಫೈಲಿನವರು. ಸರಕಾರದಿಂದ ಬರುವುದು ಅದು, ಪ್ರೆಸ್ಸಿನವರು ಕೇಳುವುದು ಅದು, ಲೋಕ ನಡೆಯುವುದು ಅದರ ಮೇಲೆ ಎನ್ನುವುದು ಅವರ ವಾದ. ಮಜಾ ಎಂದರೆ ಎರಡಕ್ಕೂ 'ಮುಕ್ತ ಮಾನಕ', ಅಂದರೆ ಓಪನ್ ಸ್ಟ್ಯಾಂಡರ್ಡ್, ಎಂಬ ಪದವಿ ಸಿಕ್ಕಿತ್ತು. ಇಬ್ಬರೂ ನಾನೇ ಮುಕ್ತ, ನಾನೇ ಮುಕ್ತ ಎನ್ನುತ್ತಿದ್ದರು. ಒಬ್ಬರದು ಇನ್ನೊಬ್ಬರಲ್ಲಿ ಮಾತ್ರ ಸರಿಯಾಗಿ ತೆರೆಯುತ್ತಿರಲಿಲ್ಲ.

"ಅರೇ ಮಾಯಪ್ಪಾ, ಹೇ ಉಘಡತ್ ನಾಹೀ!" ತೆರೀತಿಲ್ಲ ಎಂದು ಗಡಹಿಂಗ್ಲಜದಿಂದ ಫೋನು.

"ಅವರಿಗೆ ಹೇಳು, ಖ್ಹಂ, ಕಿಟಕಿ ತಾವು ಮುಚ್ಚಿ ಗಾಳಿ ಇಲ್ಲ ಅನಬ್ಯಾಡ್ರಿ ಅಂತ." ಕೊಲ್ಹಾಪುರದಿಂದ ಉತ್ತರ.

ಒಮ್ಮೆ ಮುಕ್ತ ಎಂಬುದನ್ನು ಸರಳ ಮರಾಠಿಯಲ್ಲಿ ಸೂಚನಾ ಫಲಕಕ್ಕೆ ಬರೆಯಿರಿ ಎಂದು ಆಜ್ಞೆ ಬಂತು. ಯಾರೋ 'ಉಘಡಾ' ಎಂದು ಬರೆದರು. ತೆರೆದದ್ದು ಎಂದೂ ಹೌದು, ಬೆತ್ತಲೆ ಎಂದೂ ಹೌದು. 'ಇನ್ನು ಮುಂದೆ ಎಲ್ಲ ಸಿಬ್ಬಂದಿ ಬೆತ್ತಲೆ ಕಾಗದಗಳನ್ನೇ ಬಳಸತಕ್ಕದ್ದು' ಎಂಬ ಫಲಕ ಮಧ್ಯಾಹ್ನದವರೆಗೂ ಗೋಡೆಯ ಮೇಲಿತ್ತು. ಯಾರೂ ತೆಗೆಯಲಿಲ್ಲ, ಎಲ್ಲರೂ ಫೋಟೋ ತೆಗೆದರು.

ಚಹಾದ ಹೊತ್ತಿನಲ್ಲಿ ನಾನು ಇಬ್ಬರ ಜಗಳವನ್ನೂ ಒಬ್ಬನೇ ಆಡಿ ತೋರಿಸುತ್ತಿದ್ದೆ. ಒಂದು ದಿನ ಖಾಕರಿಸಿ ಮುಗಿಸಿದೆ, ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಪಾಟೀಲ ಸಾಹೇಬರು ಬಾಗಿಲಲ್ಲಿ.

"ಇನ್ನೊಂದು ಸ್ವಲ್ಪ ಕೆಳಗಿಂದ ಬರಬೇಕದು," ಎಂದರು. ತಾವೇ ಒಮ್ಮೆ ಮಾಡಿ ತೋರಿಸಿ ಹೋದರು.

ಇಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ. ನನಗೆ ಕೆಲಸದ ಒಳಮರ್ಮ ಕಲಿಸಿದವರು ಅವರೇ. "ಫೈಲು ಅಂದ್ರ ಒಂದು ಗಂಟು," ಎನ್ನುತ್ತಿದ್ದರು. "ಹೆಸರಿನ ಬಾಲ ಕತ್ತರಿಸಿ ಜಿಪ್ ಅಂತ ಹಚ್ಚು, ಗಂಟು ಬಿಚ್ಚತೈತಿ. ಒಳಗ ಅಕ್ಷರ ಬ್ಯಾರೆ, ಅಕ್ಷರದ ಬಟ್ಟಿ ಬ್ಯಾರೆ ಇರತಾವ. ಪರದೆ ಮ್ಯಾಲ ಏನ ಕಾಣತೈತಿ ಅದನ್ನ ನಂಬಬ್ಯಾಡ. ಗಂಟು ಬಿಚ್ಚಿ ನೋಡು." ಓಡಿಟಿಯೂ ಗಂಟೇ, ಡಾಕ್ಸೂ ಗಂಟೇ. ಗಂಟು ಕಟ್ಟುವ ರೀತಿಯ ಮೇಲೆ ಜಗಳ.

ಆ ಜಗಳದಲ್ಲಿ ಒಮ್ಮೆ ಒಬ್ಬರು ಸತ್ತೇಹೋಗಿದ್ದರು, ಕಾಗದದ ಮೇಲೆ.

ವಾರ್ಷಿಕ ಸಭೆ. ಪಾಟೀಲರು ಮಾಡಿದ ವಿಷಯಪಟ್ಟಿಯ ಫೈಲಿನಲ್ಲಿ 'ಸ್ವಾಗತ' ಎಂಬ ಸಾಲಿಗೆ ಅಂಕಿ ಇರಲಿಲ್ಲ. ವಿಷಯ ಒಂದು, ಹೊಸ ಅಧ್ಯಕ್ಷರಿಗೆ ಅಭಿನಂದನೆ. ವಿಷಯ ಎರಡು, ಅಗಲಿದ ಹಿರಿಯ ಶಿಕ್ಷಕರೊಬ್ಬರ ಸ್ಮರಣೆ. ಈ ಅಂಕಿಗಳನ್ನು ಯಂತ್ರ ತಾನೇ ಹಾಕಿದ್ದು. ಕೊನೆಯಲ್ಲಿ ಕೈಯಿಂದ ಟೈಪು ಮಾಡಿದ ಒಂದು ಸಾಲು: ವಿಷಯ ಎರಡರಲ್ಲಿ ಹೆಸರಿಸಿದ ಮಹನೀಯರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಮೌನವಾಗಿ ನಿಲ್ಲುವುದು. ಗಡಹಿಂಗ್ಲಜದಲ್ಲಿ ಡಾಕ್ಸ್ ಆಗುವಾಗ ಸ್ವಾಗತಕ್ಕೂ ಒಂದು ಅಂಕಿ ಬಂತು. ಎಲ್ಲವೂ ಒಂದೊಂದು ಮೆಟ್ಟಿಲು ಕೆಳಗಿಳಿದವು. ಕೈಯಿಂದ ಹಾಕಿದ 'ಎರಡು' ಮಾತ್ರ ಕದಲಲಿಲ್ಲ.

ಜೋಶಿ ಮೇಡಂ ಗಂಭೀರವಾಗಿ ಓದಿದರು. ಎಲ್ಲರೂ ಕೈಯಲ್ಲಿದ್ದ ಹಾಳೆ ನೋಡಿದರು. ವಿಷಯ ಎರಡು, ಹೊಸ ಅಧ್ಯಕ್ಷರು. ಏನು ಮಾಡುವುದು? ಸಭೆ ಎದ್ದು ನಿಂತಿತು. ಅಧ್ಯಕ್ಷರೂ ಎದ್ದು ಕೈ ಮುಗಿದು ತಲೆ ಬಗ್ಗಿಸಿದರು, ಸಂಸ್ಕಾರವಂತರು. ಮೌನ ಮುಗಿದು ಕೂತ ಮೇಲೆ ಪಕ್ಕದಲ್ಲಿದ್ದ ನನ್ನ ಕಡೆ ವಾಲಿ ಪಿಸುಗುಟ್ಟಿದರು: "ಮೀ ಗೇಲೋ ಕಾ ರೇ?" ನಾ ಹೋದ್ನೇನೋ ಎಂದು.

"ಇನ್ನೂ ಇಲ್ರಿ ಸಾಹೇಬ್ರ, ತಿದ್ದುಪಡಿ ಮಾಡ್ತೀವ್ರಿ," ಎಂದೆ.

ಆಮೇಲೆ ಇಬ್ಬರು ಮುಖ್ಯರೂ ಪಡಸಾಲೆಯಲ್ಲಿ ಒಬ್ಬರ ಫಾರ್ಮ್ಯಾಟನ್ನು ಒಬ್ಬರು ಕೊಲೆಗಾರ ಎಂದು ಕರೆದರು. ನೀವು ಕಲಿಯಬೇಕಾದದ್ದು ಇಷ್ಟೇ. ಯಂತ್ರ ಅಂಕಿ ಹಾಕುವ ಕಡೆ ಕೈಯಿಂದ ಅಂಕಿ ಹಾಕಬೇಡಿ. ಓದಲಿಕ್ಕೆ ಕೊಡುವುದಾದರೆ ಪಿಡಿಎಫ್ ಕೊಡಿ, ತಿದ್ದಲಿಕ್ಕೆ ಮಾತ್ರ ಮೂಲ ಫೈಲು ಕೊಡಿ. ಮತ್ತೆ, ಅಕ್ಷರದ ಬಟ್ಟೆ ಅಂದರೆ ಫಾಂಟು, ಅದನ್ನು ಫೈಲಿನ ಜೊತೆಗೇ ಕಳಿಸಿ. ಈ ಕೊನೆಯ ಮಾತು ನಮಗೆ ತಿಳಿದದ್ದು ಚಂಪಾ ಆಯಿಯ ಹಾಡುಗಳಿಂದ. ಅದನ್ನು ಹೇಳುವಾಗ ನನ್ನ ಕುಚೇಷ್ಟೆ ಸ್ವಲ್ಪ ಕಡಿಮೆಯಾದರೆ ಸೈರಿಸಿಕೊಳ್ಳಿ.

ಗಡಹಿಂಗ್ಲಜದ ನಮ್ಮ ಸಾಲಿಯಲ್ಲಿ ಪ್ರಣಾಲಿ ಎಂಬ ಶಿಕ್ಷಕಿ ಇದ್ದಳು. ಇಚಲಕರಂಜಿಯ ಹತ್ತಿರದ ಜೈನ ಒಕ್ಕಲು ಮನೆತನ. ಮನೆಯ ಹಿರಿಯರದು ಕನ್ನಡ, ಅವಳ ತಾಯಿ ಸಾತಾರಾ ಕಡೆಯವಳು. ಪ್ರಣಾಲಿ ಬೆಳೆದದ್ದು ಕೊಲ್ಹಾಪುರದ ವಸತಿಗೃಹದಲ್ಲಿ, ಮರಾಠಿಯಲ್ಲಿ. ಕನ್ನಡ ಕೇಳಿದರೆ ಅರ್ಧ ತಿಳಿಯುತ್ತಿತ್ತು, ಆಡಿದರೆ ಕಾಲುಭಾಗ ಬರುತ್ತಿತ್ತು. ಅವಳ ಅಪ್ಪನ ತಾಯಿಯೇ ಚಂಪಾ ಆಯಿ.

ಒಂದು ದಿನ ಪ್ರಣಾಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಹೊಟ್ಟೆಯಲ್ಲಿ ಕೂಸು.

"ದಾದಾ, ನಮ್ಮ ಆಯೀದು ಗಂಟಲ ಆಪರೇಷನ್ ಐತಿ. ಆಮ್ಯಾಲ ಮಾತ ಬರೂದಿಲ್ಲ ಅಂದಾರ ಡಾಕ್ಟರ. ಆಕೀ ಹಾಡ ಅದಾವ, ಕನ್ನಡದಾಗ. ಆಕೀನ ಕಟ್ಟಿದ್ದು. ನನ್ನ ಕೂಸಿಗೆ ಹಾಡಬೇಕಂತ ಆಕೀಗೆ ಆಸೆ. ಇನ್ನ ಆಕೀಗೆ ಆಗೂದಿಲ್ಲ, ನಾ ಹಾಡಬೇಕು. ನಂಗ ಬರೂದಿಲ್ಲ."

"ಫೋನಿನಾಗ ಹಿಡಕೋ."

"ಒಡದ ದನಿ ಹಿಡದಿಡಬ್ಯಾಡ ಅಂತಾಳ. ಅಕ್ಷರ ಇಡ್ರಿ ಅಂತಾಳ."

ರವಿವಾರಗಳಂದು ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಆಯಿಯ ಮನೆಗೆ ಹೋಗತೊಡಗಿದೆ. ಹಾತಕಣಂಗಲೆಯಲ್ಲಿ ರೈಲು ಇಳಿದು ಅಲ್ಲಿಂದ ರಿಕ್ಷಾ. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ವಿದ್ಯುತ್ ಮಗ್ಗಗಳು. ಮದುವೆಯಾಗಿ ಬಂದ ಹೊಸದರಲ್ಲಿ ಆಯಿ ಆ ಮಗ್ಗಗಳ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಳಂತೆ, ಕಾಲಿನಿಂದ ತೊಟ್ಟಿಲು ತೂಗುತ್ತ. ಮಗ್ಗ ನಡೆಯುವಾಗ ಪಕ್ಕದವರ ಕೂಗು ಕೇಳುವುದಿಲ್ಲ. ಆ ಸದ್ದಿನೊಳಗೇ ಹಾಡು ಕಟ್ಟಿದವಳು.

"ಕೂಸಿಗೆ ಕೇಳತಿತ್ತೇನ ಆಯಿ?"

"ಕೂಸಿಗ್ಯಾಕ ಕೇಳಬೇಕೋ? ನನ್ನ ಬಾಯಿ ನೋಡತಿತ್ತು, ಸಾಕು."

ಬೆಳಿಗ್ಗೆ ಬಿಸಿನೀರು ಕುಡಿದ ಮೇಲೆ ಸ್ವಲ್ಪ ಹೊತ್ತು ದನಿ ಇರುತ್ತಿತ್ತು. ಆಮೇಲೆ ಬರೀ ಗಾಳಿ. ಆ ಹೊತ್ತಿನಲ್ಲಿ ಆಯಿ ಹೇಳಬೇಕು, ನಾನು ಟೈಪು ಹೊಡೆಯಬೇಕು. ಕನ್ನಡ ಲಿಪಿ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಗಡಿಯ ಈಚೆ ಹಂಗೇ, ಮಾತು ಕನ್ನಡ, ಅಕ್ಷರ ಬಾಳಬೋಧ, ಅಂದರೆ ಮರಾಠಿ ಬರೆಯುವ ಅಕ್ಷರ. ಪ್ರಣಾಲಿ ಓದಬೇಕಾದರೆ ಬಾಳಬೋಧದಲ್ಲೇ ಟೈಪು ಮಾಡಬೇಕು.

ಜೋಗುಳದ ಮೊದಲ ಸಾಲಿಗೇ ನಾನು ಸಿಕ್ಕಿಬಿದ್ದೆ.

ಎಳಿ ಎಳಿ ಕೂಡಿ ಅರಿವ್ಯಾತೋ ಕಂದಾ
ಅರಿವಿ ತೊಟ್ಟಿಲ ಆತೋ
ಗದ್ದಲ ಮಾಡೂ ಮಗ್ಗ ಮಲಗ್ಯಾವೋ ಕಂದಾ
ಕಾಲ ಒದಿಬ್ಯಾಡ, ಮಲಗೋ

ಎಳಿ ಎಂದರೆ ನೂಲಿನ ಎಳೆ, ಅರಿವಿ ಎಂದರೆ ಬಟ್ಟೆ. ಕನ್ನಡಕ್ಕೆ ಗಿಡ್ಡ ಎ ಬೇರೆ, ಉದ್ದ ಏ ಬೇರೆ. ಮರಾಠಿಗೆ ಒಂದೇ, ಅದು ಉದ್ದ. ಬಾಳಬೋಧದಲ್ಲಿ ಎಳಿ ಬರೆದರೆ 'ಏಳಿ' ಎಂದು ಓದುತ್ತಾರೆ. ಕೂಸನ್ನು ಮಲಗಿಸಲು ಹೋಗಿ ಏಳಿ ಏಳಿ ಎಂದು ಎಬ್ಬಿಸಿದಂತೆ. ಒದಿಬ್ಯಾಡ ಎನ್ನುವುದು 'ಓದಿಬ್ಯಾಡ' ಆಗುತ್ತದೆ. ಟೀಚರಬಾಯಿ ಮನೆಯ ಕೂಸಿಗೆ ಓದಬೇಡ ಎಂಬ ಉಪದೇಶ.

ಸೋಮವಾರ ಪಾಟೀಲರನ್ನು ಕೇಳಿದೆ. ಅವರು ಅಕ್ಷರಗಳ ಪಟ್ಟಿಯಲ್ಲಿ ಹುಡುಕಿ ಒಂದು ಗುರುತು ತೋರಿಸಿದರು. ಬಾಳಬೋಧದಲ್ಲೂ ಗಿಡ್ಡ ಎ, ಗಿಡ್ಡ ಒ ಬರೆಯಲು ಒಂದು ಮಾತ್ರಾ, ಅಂದರೆ ಸ್ವರದ ಗುರುತು, ಇದೆ. ಅಕ್ಷರದ ತಲೆಯ ಮೇಲೆ ಸೊಟ್ಟಗೆ ಬಾಗಿದ ಗೀಟು. ಪದದ ಮೊದಲಲ್ಲೇ ಬಂದರೆ ಅ ಬರೆದು ಅದರ ತಲೆಗೆ ಹಚ್ಚಬೇಕು. ಮರಾಠಿಗೆ ಅದು ಬೇಡ, ಆದ್ದರಿಂದ ಯಾರೂ ಬಳಸುವುದಿಲ್ಲ. "ನಮ್ಮಂಥ ಗಡೀ ಮಂದಿಗಾಗೇ ಯಾರೋ ಇಟ್ಟಾರ ನೋಡು," ಎಂದರು, ಖಾಕರಿಸುವುದನ್ನೂ ಮರೆತು.

ಮುಂದಿನ ರವಿವಾರ ಆಯಿಗೂ ಪ್ರಣಾಲಿಗೂ ತೋರಿಸಿದೆ. "ನೆಟ್ಟಗಿದ್ರ ಉದ್ದ, ಸೊಟ್ಟಗಿದ್ರ ಗಿಡ್ಡ."

ಆಯಿ ಕನ್ನಡಕದ ಮೇಲಿನಿಂದ ನೋಡಿದಳು. "ಎಳಿ ಕಡದು ಬಿದ್ದಂಗ ಐತಲ್ಲೋ," ಎಂದಳು.

ಟೈಪು ಮಾಡಿದ್ದನ್ನು ನಾನು ಓದಿ ತೋರಿಸಬೇಕು. ನನಗೆ ಸುಮ್ಮನೆ ಓದಲು ಬರುತ್ತದೆಯೇ? ಆಯಿಯ ದನಿಯಲ್ಲೇ ಓದಿದೆ, ಒಡಕು, ಕೆಮ್ಮು ಎಲ್ಲ ಸೇರಿಸಿ. ಪ್ರಣಾಲಿ ಗಾಬರಿಯಾದಳು. ಆಯಿ ಬೀಸಣಿಗೆಯಿಂದ ನನ್ನ ತಲೆಗೆ ಹೊಡೆದಳು.

"ಬಾಡ್ಯಾ, ಮುದುಕಿ ದನಿ ಯಾಕ ಮಾಡ್ತಿ? ಮಾಡೂದಿದ್ರ ಛಲೋದು ಮಾಡು. ಇನ್ನ ಸಣ್ಣ ತಗಿ. ಇನ್ನ ಸಣ್ಣ. ಮೂಗಿನಾಗ ಅಲ್ಲೋ, ಎದೀಲಿಂದ. ಮಗ್ಗದ ಸಪ್ಪಳದ ಮ್ಯಾಲ ಹಾರಿ ಬರಬೇಕು."

ರವಿವಾರದ ಮೇಲೆ ರವಿವಾರ ಹೀಗೇ ತಿದ್ದಿದಳು. ಪದಗಳನ್ನೂ, ನನ್ನ ಗಂಟಲನ್ನೂ. ಒಂದು ದಿನ ಹಾಡುತ್ತಿದ್ದಾಗ ಅವಳ ಬೀಸಣಿಗೆ ನಿಂತಿತು.

"ಹಾಂ. ಅದು," ಎಂದಳು. "ಮದಿವಿಯಾಗಿ ಬಂದಾಗ ಹಿಂಗ ಇತ್ತು." ಮತ್ತೆ ಬೀಸಿಕೊಳ್ಳುತ್ತ, "ಇರ್ಲಿ, ನಿನ್ನ ಹತ್ರ ಇರ್ಲಿ ತಮ್ಮಾ. ಆಪರೇಷನ್ ಆದ ಮ್ಯಾಲ ಬೇಕಂದ್ರ ಇಸಗೋತೇನಿ."

ಅದು ನಾನು ಕೇಳಿದ ಅವಳ ಕೊನೆಯ ಮಾತು. ಮುಂದಿನ ಸಲ ಕೊಲ್ಹಾಪುರದ ದವಾಖಾನೆಯಲ್ಲಿ ನೋಡಿದಾಗ ಕೊರಳಿಗೆ ಪಟ್ಟಿ, ಮಂಚದ ಮೇಲೆ ಒಂದು ಪಾಟಿ, ಬಳಪ.

ಹಾಡುಗಳನ್ನು ಸಣ್ಣ ಪುಸ್ತಕ ಮಾಡಿ ಕೂಸಿನ ತೊಟ್ಟಿಲ ಕಾರ್ಯದಲ್ಲಿ ಹಂಚಬೇಕು ಎಂದು ಪ್ರಣಾಲಿ ನಿಶ್ಚಯಿಸಿದಳು. ಇಬ್ಬರು ಮುಖ್ಯರೂ ಮುಂದೆ ಬಂದರು. ಪಾಟೀಲರು ಪುಟ ಜೋಡಿಸಿದರು. ಓಡಿಟಿಯಲ್ಲಿ, ಬೇರೆ ಏನು? ಅಚ್ಚಿನ ಜವಾಬ್ದಾರಿ ಜೋಶಿ ಮೇಡಂ ಹೊತ್ತರು, ಪ್ರಣಾಲಿ ಅವರ ಸಾಲಿಯ ಹುಡುಗಿ. ಪ್ರೆಸ್ಸಿನವರಿಗೆ ಡಾಕ್ಸ್ ಬೇಕಿತ್ತು. ಡಾಕ್ಸ್ ಮಾಡಿ ಕೊಡಿ ಎಂದರೆ ಪಾಟೀಲರು, "ಅಜ್ಜಿ ಹಾಡನ್ನ ನಾ ಅವರ ಕೊಟ್ಟಿಗ್ಯಾಗ ಕಟ್ಟೂದಿಲ್ಲ," ಎಂದರು. ಓಡಿಟಿಯನ್ನೇ ಗಡಹಿಂಗ್ಲಜಕ್ಕೆ ಕಳಿಸಿದರು. ಮೇಡಂ ತಮ್ಮ ಕಡೆ ತೆರೆದು ಡಾಕ್ಸ್ ಮಾಡಿಕೊಂಡರು. ಅವರ ಲ್ಯಾಪ್‌ಟಾಪಿನಲ್ಲಿ ಪಾಟೀಲರ ಫಾಂಟು ಇರಲಿಲ್ಲ. ಇದ್ದ ಹಳೆಯ ಮರಾಠಿ ಫಾಂಟಿಗೆ ಸೊಟ್ಟ ಮಾತ್ರಾ ಗೊತ್ತಿರಲಿಲ್ಲ. ಎಲ್ಲ ಸೊಟ್ಟ ಗುರುತಿನ ಜಾಗದಲ್ಲೂ ಸಣ್ಣ ಸಣ್ಣ ಚೌಕಗಳು ಕಂಡವು.

ಮೇಡಂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಚೌಕಗಳ ಸಮೇತ ಅಚ್ಚಿಗೆ ಕಳಿಸುತ್ತಿದ್ದರು, ನಮಗೆ ತಿಳಿಯುತ್ತಿತ್ತು. ಅವರು ತಾವೇ ಕೂತು ಪ್ರತಿ ಚೌಕವನ್ನೂ ಹುಡುಕಿ ತೆಗೆದು ನೆಟ್ಟಗಿನ ಮಾತ್ರಾ ಹಾಕಿದರು. ಸಂಜೆ ನನಗೆ ಸಂದೇಶ ಬಂತು: 'ನಿಮ್ಮ ಸಾಹೇಬರ ಫಾರ್ಮ್ಯಾಟಿನಲ್ಲಿ ಭಾಳ ಕಸ ಇತ್ತು. ಎಲ್ಲ ಸ್ವಚ್ಛ ಮಾಡಿ ಪ್ರೆಸ್ಸಿಗೆ ಕೊಟ್ಟಿದ್ದೇನೆ. ಕಳಾಲಂ?'

ನನಗೆ ತಿಳಿಯಲಿಲ್ಲ. ಪುಟದ ಅಂಚು, ಅಂಕಿ ಇಂಥದೇನೋ ಸರಿ ಮಾಡಿರಬೇಕು ಎಂದುಕೊಂಡೆ.

ತೊಟ್ಟಿಲ ಕಾರ್ಯಕ್ಕೆ ಅಂಗಳದಲ್ಲಿ ಪೆಂಡಾಲು. ಶೆಡ್ಡಿನಲ್ಲಿ ಮಗ್ಗ ನಿಲ್ಲಿಸಿದ್ದರು. ಆ ಮನೆಯಲ್ಲಿ ನಾನು ಅಷ್ಟು ನಿಶ್ಶಬ್ದ ಕೇಳಿರಲಿಲ್ಲ. ಪಾಟೀಲರು ಒಂದು ಕಂಬಕ್ಕೆ ಒರಗಿ, ಜೋಶಿ ಮೇಡಂ ಎದುರಿನ ಕಂಬಕ್ಕೆ ಒರಗಿ ಕೂತಿದ್ದರು. ಆಯಿ ತೊಟ್ಟಿಲ ಪಕ್ಕದ ಖುರ್ಚಿಯಲ್ಲಿ, ತೊಡೆಯ ಮೇಲೆ ಪಾಟಿ. ಪುಸ್ತಕ ಎಲ್ಲರ ಕೈಗೂ ಬಂತು. ನಾನು ತೆರೆಯುವ ಮೊದಲೇ ಪ್ರಣಾಲಿ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು.

ನಾನು ಕಲಿಸಿದ ಪಾಠ ಅವಳು ಮರೆತಿರಲಿಲ್ಲ. ನೆಟ್ಟಗಿದ್ದರೆ ಉದ್ದ, ಸೊಟ್ಟಗಿದ್ದರೆ ಗಿಡ್ಡ. ಪುಸ್ತಕದಲ್ಲಿ ಸೊಟ್ಟಗಿದ್ದದ್ದು ಒಂದೂ ಇರಲಿಲ್ಲ. ಎಲ್ಲವನ್ನೂ ಉದ್ದಕ್ಕೆ ಎಳೆದು, ಮನಸ್ಸಿಟ್ಟು ಹಾಡಿದಳು.

"ಏಳೀ ಏಳೀ ಕೂಡಿ..."

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, "ಇದೇನವಾ, ಮಲಗಸೂ ಹಾಡೋ, ಎಬ್ಬಸೂ ಹಾಡೋ?" ಎಂದರು. ಅಂಗಳ ನಕ್ಕಿತು. ಪ್ರಣಾಲಿ ಮುಂದುವರಿಸಿದಳು. 'ಓದಿಬ್ಯಾಡ' ಎಂದಾಗ ನಗು ಜೋರಾಯಿತು. "ಟೀಚರಬಾಯಿ ಮಗಳಿಗೆ ಸಾಲಿ ಬಿಡಸಾಕತ್ತಾಳ್ರೀ!"

ಆಯಿ ಕೈ ಎತ್ತಿದಳು. ಬಾಯಿ ತೆರೆದಳು. ಪಟ್ಟಿಯ ಕೆಳಗಿನಿಂದ ಉಸಿರಷ್ಟೇ ಬಂತು.

ಪ್ರಣಾಲಿ ನಿಲ್ಲಿಸಿ ಬಗ್ಗಿದಳು. "ಕಾಯ್ ಝಾಲಂ, ಏನಾತು ಆಯಿ? ತಪ್ಪಾತೇನ?"

ಆಯಿ ಬಳಪ ತೆಗೆದು ಪಾಟಿಯ ಮೇಲೆ ಬರೆದಳು. ಪ್ರಣಾಲಿ ನೋಡಿದಳು, ಪುಸ್ತಕ ನೋಡಿದಳು. "ಅದೇ ಐತಲ್ಲ ಆಯಿ. ನಾ ಅದೇ ಅಂದೆ."

ಆಯಿ ಒರೆಸಿ ಮತ್ತೆ ಬರೆದಳು, ಇನ್ನೂ ದೊಡ್ಡದಾಗಿ. ಮತ್ತೆ ಅದೇ ಅಕ್ಷರ. ಅವಳಿಗೆ ಬರುತ್ತಿದ್ದುದು ಸಾಲಿಯ ಬಾಳಬೋಧ ಒಂದೇ. ಸೊಟ್ಟ ಮಾತ್ರಾ ಅವಳು ಪರದೆಯ ಮೇಲೆ ನೋಡಿದ್ದಳು, ಕೈಗೆ ಅಭ್ಯಾಸವಿರಲಿಲ್ಲ. ಮನಸ್ಸಿನಲ್ಲಿ ಸರಿಯಾದ ಪದ, ಪಾಟಿಯ ಮೇಲೆ ತಪ್ಪು ಪದ, ಎರಡರ ರೂಪವೂ ಒಂದೇ. ಎಷ್ಟು ಸಲ ಬರೆದರೂ ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. "ಬರೋಬರ ಐತಿ ಆಯಿ," ಎಂದು ಅವಳ ಮಗ ಹೆಗಲು ತಟ್ಟಿದ. ಇದೇ ಹಾಡಿಗೆ ಮಲಗಿ ಬೆಳೆದವನು, ಆದರೆ ನಿದ್ದೆಯಲ್ಲಿ ಕೇಳಿದ ಹಾಡು ನೆನಪಿರುತ್ತದೆಯೇ?

ಆಯಿ ಅವನ ಕೈ ಸರಿಸಿದಳು. ಪಾಟಿ ಕೆಳಗಿಟ್ಟಳು. ಸೀರೆಯ ಸೆರಗಿನ ಅಂಚು ಹಿಡಿದು, ಉಗುರಿನಿಂದ ಒಂದು ನೂಲು ಬಿಡಿಸಿ, ಕಿತ್ತಳು. ಜನ ಗಾಬರಿಯಾದರು. ಸಿಟ್ಟು ಬಂದು ಸೀರೆ ಹರಿಯುತ್ತಿದ್ದಾಳೆ ಎಂದುಕೊಂಡರು. ಅವಳು ಆ ನೂಲನ್ನು ಪುಸ್ತಕದ ಮೊದಲ ಅಕ್ಷರದ ತಲೆಯ ಮೇಲೆ ಇಟ್ಟಳು. ಅದು ತಾನೇ ಸೊಟ್ಟಗೆ ಸುರುಳಿಯಾಗಿ ಕೂತಿತು.

ಎಳಿ ಕಡಿದು ಬಿದ್ದಂತೆ.

ಆಗ ನಾನು ಪುಸ್ತಕ ತೆರೆದು ನೋಡಿದೆ. ಕಸ ಎಂದರೆ ಏನಿತ್ತು ಎಂದು ಆಗ ತಿಳಿಯಿತು.

ನಾನು ಎದ್ದೆ. ನಾನು ಎದ್ದರೆ ಯಾರದೋ ನಕಲು ಮಾಡಿ ನಗಿಸುತ್ತೇನೆ ಎಂದು ಪರಿಚಯದವರು ಆಗಲೇ ಮುಗುಳ್ನಕ್ಕರು. ತೊಟ್ಟಿಲ ಹತ್ತಿರ ಹೋಗಿ ಕೂತೆ. ಇನ್ನ ಸಣ್ಣ, ಎದೀಲಿಂದ, ಮಗ್ಗದ ಸಪ್ಪಳದ 
ಮ್ಯಾಲ ಹಾರಿ ಬರೂಹಂಗ. ಅಂದು ಹಾರಲು ಸಪ್ಪಳವೂ ಇರಲಿಲ್ಲ.

"ಎಳಿ ಎಳಿ ಕೂಡಿ ಅರಿವ್ಯಾತೋ ಕಂದಾ..."

ಯಾರೂ ನಗಲಿಲ್ಲ. ಗಂಡಸಿನ ಬಾಯಲ್ಲಿ ಹೆಣ್ಣಿನ ದನಿ ಬಂದರೆ ನಗುವುದು ಜನರ ವಾಡಿಕೆ, ಆದರೂ ನಗಲಿಲ್ಲ. ಆಯಿಯ ಮಗ ಕಂಬದ ಹಿಂದೆ ಹೋಗಿ ನಿಂತ. ಹಿಂದಿನ ಸಾಲಿನ ಆ ಹಿರಿಯರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಾನು ಆಯಿಯ ಮುಖ ನೋಡಲಿಲ್ಲ, ನೋಡಿದರೆ ದನಿ ಜಾರುತ್ತಿತ್ತು. ಕೂಸು ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿತ್ತು.

ಊಟದ ಪಂಕ್ತಿ ಏಳುವ ಹೊತ್ತಿಗೆ ಜೋಶಿ ಮೇಡಂ ನನ್ನ ಹತ್ತಿರ ಬಂದರು. ಕಣ್ಣು ಕೆಂಪಗಿತ್ತು. "ಮಾಯಪ್ಪಾ, ಅವು ಚೌಕ ಆಗಿರಲಿಲ್ಲೇನ?"

ಪಾಟೀಲರು ಎದುರು ಕಂಬದಿಂದ ಎದ್ದು ಬಂದಿದ್ದರು. ನೋಡಿದ್ರಾ ನಿಮ್ಮ ಡಾಕ್ಸ್ ಮಾಡಿದ್ದು ಎನ್ನಲು ಬಾಯಿ ತೆರೆದಿದ್ದರೆಂದು ನನಗೆ ಖಾತ್ರಿ. ನಾನು ಮೇಡಂ ಚೀಲದಲ್ಲಿ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಅವರು ಸ್ವಚ್ಛ ಮಾಡುವ ಮೊದಲು ಉಳಿಸಿದ್ದ ಡಾಕ್ಸ್ ಹುಡುಕಿ, ನನ್ನ ಪೆನ್‌ಡ್ರೈವಿನಿಂದ ಪಾಟೀಲರ ಫಾಂಟು ಹಾಕಿ, ಬಾಲ ಕತ್ತರಿಸಿ ಗಂಟು ಬಿಚ್ಚಿದೆ. ಒಳಗೆ ಸೊಟ್ಟ ಮಾತ್ರಾಗಳೆಲ್ಲ ಇದ್ದವು. ಒಂದೂ ಕಳೆದಿರಲಿಲ್ಲ. ಓಡಿಟಿಯೂ ಕಾಪಾಡಿತ್ತು, ಡಾಕ್ಸೂ ಕಾಪಾಡಿತ್ತು. ತೊಡಿಸಲು ಬಟ್ಟೆ ಇರಲಿಲ್ಲ, ಅಷ್ಟೇ. ಅಷ್ಟು ವರ್ಷ ಒಂದರ ಮೇಲೊಂದು ಕೊಲೆಯ ಆರೋಪ ಹೊರಿಸಿದ್ದೆವು. ಅವೆರಡೂ ಆಯಿಯ ಅಕ್ಷರವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದವು, ನಾವು ಕಸ ಎಂದು ಗುಡಿಸಿದೆವು.

ಪಾಟೀಲರು ಪರದೆ ನೋಡಿದರು, ತೆರೆದ ಬಾಯಿ ಮುಚ್ಚಿದರು. "ಫಾಂಟು ನಾ ಕಳಸಬೇಕಿತ್ರಿ ಮೇಡಂ," ಎಂದರು.

"ನಾ ಒಂದು ಫೋನ ಮಾಡಬೇಕಿತ್ತು," ಎಂದರು ಮೇಡಂ. ಕಳಾಲಂ ಎನ್ನಲಿಲ್ಲ.

ಆಮೇಲೆ ನಾನು ಕಂಡದ್ದನ್ನು ಯಾವ ಮಾನಕ ಸಮಿತಿಯೂ ಕಂಡಿರಲಾರದು. ಪೆಂಡಾಲಿನ ಜಮಖಾನೆಯ ಮೇಲೆ ಇಬ್ಬರೂ ಎದುರುಬದುರು ಕೂತರು. ನಡುವೆ ಪುಸ್ತಕಗಳ ರಾಶಿ. ಇಬ್ಬರ ಕೈಯಲ್ಲೂ ಬಾಲ್‌ಪೆನ್ನು. ಒಂದೊಂದೇ ಪ್ರತಿ ತೆರೆದು, ನೆಟ್ಟಗಿನ ಗೀಟನ್ನು ಸೊಟ್ಟಗೆ ತಿದ್ದತೊಡಗಿದರು. ನಾನು ಹಾಡು ಹೇಳಬೇಕು, ಗಿಡ್ಡ ಬಂದಲ್ಲಿ ಅವರು ಗೀಚಬೇಕು. ಆ ಪುಸ್ತಕ ಇಂದಿಗೂ ಯಾರ ಮನೆಯಲ್ಲಾದರೂ ಇದ್ದರೆ ತೆರೆದು ನೋಡಿ. ಪಾಟೀಲರ ಗೀಟು ಮೇಲಕ್ಕೆ ಚೂಪು, ಮೇಡಂ ಅವರದು ದುಂಡಗೆ. ಎರಡೂ ಗಿಡ್ಡ ಎ ಎಂದೇ ಓದಿಸಿಕೊಳ್ಳುತ್ತವೆ.

ಹೊರಡುವಾಗ ಆಯಿ ಕೈಸನ್ನೆ ಮಾಡಿ ಕರೆದಳು. ಕಾಲು ಮುಟ್ಟಿದೆ.

"ಆಯಿ, ದನಿ ನನ್ನ ಹತ್ರನ ಐತಿ. ಇಸಗೊಳ್ಳೂದಿಲ್ಲೇನ?" ಎಂದೆ. ಚೇಷ್ಟೆಯಾಗಿ ಕೇಳಬೇಕೆಂದು ಹೊರಟದ್ದು, ಬಾಯಿಂದ ಬರುವಾಗ ಚೇಷ್ಟೆ ಉಳಿದಿರಲಿಲ್ಲ.

ಅವಳು ತನ್ನ ಕೊರಳ ಪಟ್ಟಿ ಮುಟ್ಟಿಕೊಂಡು ಇಲ್ಲ ಎಂದು ತಲೆಯಾಡಿಸಿದಳು. ನನ್ನ ಗಂಟಲು ಮುಟ್ಟಿದಳು. ಆ ಬೆರಳನ್ನು ಹಾಗೇ ತೊಟ್ಟಿಲ ಕಡೆ ಒಯ್ದು, ಹಗ್ಗ ಹಿಡಿದು ನಿಂತಿದ್ದ ಪ್ರಣಾಲಿಯ ಗಂಟಲಿನ ಮೇಲೆ ಇಟ್ಟಳು.

ಮತ್ತೆ ರವಿವಾರಗಳು ಶುರುವಾದವು. ಈ ಸಲ ನಾನು ಹೇಳುವವನು, ಪ್ರಣಾಲಿ ಕಲಿಯುವವಳು, ಆಯಿ ಖುರ್ಚಿಯಲ್ಲಿ ಕೂತು ತಪ್ಪಿದಾಗ ಬೀಸಣಿಗೆಯಿಂದ ಹೊಡೆಯುವವಳು. ನನಗೂ ಬೀಳುತ್ತಿತ್ತು, ಕಲಿಸಿದ್ದು ಸರಿಯಿಲ್ಲವೆಂದು. ಒಂದು ದಿನ ಪ್ರಣಾಲಿ ಹಾಡುತ್ತಿದ್ದಾಗ ಬೀಸಣಿಗೆ ನಿಂತಿತು. ಆ ಮಳೆಗಾಲ ಕಳೆಯುವ ಮೊದಲು ಆಯಿ ಹೋದಳು.

ಚಹಾದಂಗಡಿಯಲ್ಲಿ ಗೆಳೆಯರು ಈಗಲೂ ಪೀಡಿಸುತ್ತಾರೆ. ಪಾಟೀಲರದು ಮಾಡು, ಮೇಡಂದು ಮಾಡು. ಮಾಡುತ್ತೇನೆ. ಅಜ್ಜಿದು ಮಾಡು ಎಂದರೆ ಬರುವುದಿಲ್ಲ ಎನ್ನುತ್ತೇನೆ, ನಂಬುವುದಿಲ್ಲ. ಖರೇನೇ ಬರುವುದಿಲ್ಲ. ಒಬ್ಬನೇ ಇದ್ದಾಗ ಪ್ರಯತ್ನಿಸಿ ನೋಡಿದ್ದೇನೆ, ಪ್ರಣಾಲಿಯ ದನಿ ಬರುತ್ತದೆ.